ಲೆಕ್ಕದಲ್ಲಿದ್ದ ಬಾಲ

"ಗುರುಗಳೇ, ಬಂದ ಫಲ ಸರಿಯಿದ್ದರೆ ಹಾಕಿದ ಲೆಕ್ಕವೂ ಸರಿಯೆಂದು ಒಪ್ಪಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಡಗಿ ಹಾರುವ ಯಂತ್ರವೊಂದನ್ನು ಮಾಡಿದ. ಹಕ್ಕಿಯ ಹಾಗೆ ಮಾಡುವುದು ಎಲ್ಲರೂ ಮಾಡುವ ಕೆಲಸವೆಂದು ಅದನ್ನು ಮೊರದ ಆಕಾರದಲ್ಲಿ ಮಾಡಿದ. ಅದಕ್ಕೆ ಬಾಲವಿರಲಿಲ್ಲ. ಗುಡ್ಡದಿಂದ ಹಾರಿಸುವ ಮೊದಲು, ಅದು ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಲೆಕ್ಕ ಹಾಕಿಕೊಡಲು ಒಬ್ಬ ಗಣಿತಜ್ಞನನ್ನು ಕರೆಸಿದ. ಹತ್ತಿ ಕೂರಬೇಕಾದವನು ಬಡಗಿಯ ಭಾವಮೈದ. ಎಂಟು ತಿಂಗಳಿಂದ ಅಕ್ಕನ ಮನೆಯಲ್ಲೇ ಉಣ್ಣುತ್ತಿದ್ದುದರಿಂದ ಅವನು ಒಲ್ಲೆ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಗಣಿತಜ್ಞನಿಗೆ ಗೊತ್ತಿದ್ದ ಸೂತ್ರಗಳೆಲ್ಲ ಬಾಲವಿರುವ ಯಂತ್ರಗಳವು. ಬಾಲದ ಉದ್ದ ಸೊನ್ನೆ ಎಂದು ಬರೆದಾಗಲೆಲ್ಲ ಯಂತ್ರ ಹಾಳೆಯ ಮೇಲೆಯೇ ಪಲ್ಟಿ ಹೊಡೆಯಿತು. ಹದಿನೇಳನೆಯ ದಿನ, ಎರಡು ಮೊಳದ ಬಾಲವಿದೆ ಎಂದು ಇಟ್ಟುಕೊಂಡ. ಯಂತ್ರ ಗರುಡನಂತೆ ತೇಲಿತು.

ಬಾಲದ ಮಾತು ಕೇಳಿ ಭಾವಮೈದ ಯಂತ್ರಕ್ಕೆ ಮೂರು ಸುತ್ತು ಬಂದು ನೋಡಿದ.

"ಪಂಡಿತರೇ, ಬಾಲ ಎಲ್ಲೂ ಕಾಣಲಿಲ್ಲವಲ್ಲ?"

"ಅದು ಲೆಕ್ಕದಲ್ಲಿದೆ."

"ನಾನು ಕೂರುವುದು ಮೊರದಲ್ಲಿ, ಸ್ವಾಮಿ."

"ಹೆದರಬೇಡ. ಲೆಕ್ಕದಲ್ಲಿ ನೀನೂ ಇದ್ದೀಯ. ಅಲುಗಾಡದ ಒಂದು ಮೂಟೆ ಅಕ್ಕಿ ಎಂದು ಹಿಡಿದಿದ್ದೇನೆ."

ಯಂತ್ರವನ್ನು ಗುಡ್ಡದಿಂದ ತಳ್ಳಿದರು. ಅದು ಮೂಗು ಕೆಳಗೆ ಮಾಡಿ ಬೀಳತೊಡಗಿತು. ಅಕ್ಕಿಮೂಟೆ "ಅಯ್ಯೋ ಅಕ್ಕಾ" ಎಂದು ಕೂಗಿ, ಮೊರದ ಅಂಚನ್ನು ತಬ್ಬಿಕೊಂಡು, ಎರಡೂ ಕಾಲುಗಳನ್ನು ಹಿಂದಕ್ಕೆ ಚಾಚಿತು. ಯಂತ್ರ ನೆಟ್ಟಗಾಯಿತು. ಕೆರೆ ದಾಟಿ ಹುಲ್ಲಿನ ಬಣವೆಯ ಮೇಲೆ ಇಳಿಯಿತು.

ಗಣಿತಜ್ಞ ಓಡಿಬಂದ. ಕಾಲು ಮಡಿಸಲೂ ಆಗದೆ ಬಿದ್ದಿದ್ದವನ ಪಕ್ಕದಲ್ಲಿ ಕೂತು ಆ ಕಾಲನ್ನು ಅಳೆದ. ಸರಿಯಾಗಿ ಎರಡು ಮೊಳವಿತ್ತು. "ನಾನು ಹೇಳಿರಲಿಲ್ಲವೇ?" ಎಂದ. ಬಡಗಿ ಸಂತೋಷದಿಂದ ಗಣಿತಜ್ಞನಿಗೆ ಶಾಲು ಹೊದಿಸಿದ. ಭಾವಮೈದ ಅಕ್ಕನಿಗೂ ಹೇಳದೆ ತನ್ನೂರಿಗೆ ಹೊರಟುಹೋದ, ನಡೆದುಕೊಂಡು.

ಶಿಷ್ಯ ನಕ್ಕ. ಆಮೇಲೆ ಕೇಳಿದ: "ಏನೇ ಆಗಲಿ ಗುರುಗಳೇ, ಕೊನೆಗೆ ಲೆಕ್ಕ ಸರಿಹೋಯಿತಲ್ಲ?"

ಗುರುಗಳು ಶಿಷ್ಯನ ಕಾಲುಗಳನ್ನೊಮ್ಮೆ ನೋಡಿ ಹೇಳಿದರು: "ನಾಡಿದ್ದು ಮತ್ತೆ ಹಾರಿಸುತ್ತಾರಂತೆ, ಕೂರುವುದಕ್ಕೆ ಜನ ಸಿಕ್ಕಿಲ್ಲ, ನಿನ್ನ ಹೆಸರು ಹೇಳಲೇ?"