ಅವಸರದ ಅಕ್ಷರದ ಕಡವು

ದಕ್ಷಿಣ ಚೀನಾದಲ್ಲಿ ಲೋಶಿ ಎಂಬ ಹೊಳೆ ಬೆಟ್ಟಗಳ ಸಂದಿಯಿಂದ ಹೊರಬಿದ್ದು ಬಯಲಿಗೆ ಇಳಿಯುವಲ್ಲಿ ದೋಣಿ ಹತ್ತುವ ಹಳೆಯ ಕಡವೊಂದಿದೆ. ಈಗ ಸೇತುವೆಯಾಗಿ ದೋಣಿಯವರಿಗೆ ಕೆಲಸ ಕಡಿಮೆ. ಆದರೂ ಬಸ್ಸಿನವರು ಆ ನಿಲ್ದಾಣವನ್ನು 'ಅವಸರದ ಅಕ್ಷರದ ಕಡವು' ಎಂದೇ ಕೂಗುತ್ತಾರೆ. ಹೆಸರಿನ ಮೂಲ ಕೇಳಿದರೆ ಅಲ್ಲಿನ ಹಿರಿಯರು ಗುವೊ ಷಾನ್ ಎಂಬ ಲಿಪಿಕಾರನ ಸುದ್ದಿ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಕಾಗದವಿನ್ನೂ ಬಳಕೆಗೆ ಬಾರದ ಕಾಲದಲ್ಲಿ, ಗುವೊ ಷಾನ್ ಈ ಕಡವಿನ ಕಚೇರಿಯಲ್ಲಿ ಬಿದಿರಿನ ಪಟ್ಟಿಗಳ ಮೇಲೆ ಆಜ್ಞೆಗಳನ್ನು ಬರೆಯುತ್ತಿದ್ದ. ಆಗಿನ ಅಕ್ಷರಗಳು ಬಳ್ಳಿಯಂತೆ ದುಂಡಗೆ ಸುತ್ತಿಕೊಂಡಿರುತ್ತಿದ್ದವು. ಒಂದೊಂದನ್ನು ಬರೆಯುವುದೂ ಚಿತ್ರ ಬಿಡಿಸಿದ ಹಾಗೆ. ಅವನ ಕೈಬರಹ ನೋಡಲೆಂದೇ ಜನ ಬರುತ್ತಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೆ ಸಾಕಿ ಬೆಳೆಸಿದ ಒಬ್ಬಳೇ ಮಗಳು ಸುಯಿಲಾನಳನ್ನು ಹೊಳೆಯ ಕೆಳದಂಡೆಯ ಚಿಂಗ್ಯಾನ್ ಎಂಬ ಊರಿಗೆ ಕೊಟ್ಟಿದ್ದ. ಒಂದು ಮಳೆಗಾಲ ಮೇಲಿನ ಒಡ್ಡು ಬಿರಿಯಿತು. ಕೆಳಗಿನ ಮೂರು ಊರಿನವರೂ ಗುಡ್ಡ ಹತ್ತಬೇಕೆಂದು ಅಧಿಕಾರಿ ಆಜ್ಞೆ ಬರೆಸಿದ. ಹಿಂದೆ ಸುಳ್ಳು ಸುದ್ದಿ ನಂಬಿ ಮನೆ ಬಿಟ್ಟು ಹೋಗಿ, ಕಣಜವೆಲ್ಲ ಕಳ್ಳರ ಪಾಲಾಗಿದ್ದರಿಂದ, ಮುದ್ರೆಯೊತ್ತಿದ ಬರಹ ಕಾಣದೆ ಜನ ಕದಲುತ್ತಿರಲಿಲ್ಲ. ಮಗಳ ಊರಿನದನ್ನೇ ಮೊದಲು ಬರೆದರೆ ಪಕ್ಷಪಾತವೆಂದಾರು ಎಂದು ಗುವೊ ಷಾನ್ ಅದನ್ನು ಕೊನೆಗೆ ಉಳಿಸಿಕೊಂಡ. ಎರಡು ಆಜ್ಞೆ ಹೊರಟವು. ಮೂರನೆಯದರಲ್ಲಿ ಕುಂಚ ಜಾರಿ ಒಂದು ಅಕ್ಷರ ಸೊಟ್ಟಗಾಯಿತು. ಅವನು ಚೂರಿ ತೆಗೆದು ಅದನ್ನು ಹೆರೆಯತೊಡಗಿದ.

"ಇರಲಿ ಬಿಡಿ ಅಯ್ಯಾ, ಹೀಗೇ ಕೊಡಿ. ಓದಿಕೊಳ್ಳುತ್ತಾರೆ," ಎಂದ ಬಾಗಿಲಲ್ಲಿ ಕಾಯುತ್ತಿದ್ದ ಓಲೆಕಾರ.

"ಸೊಟ್ಟ ಬರಹ ನನ್ನ ಕೈಯಿಂದ ಹೋಗಬಾರದು. ಸ್ವಲ್ಪ ತಾಳು," ಎಂದ ಗುವೊ ಷಾನ್.

ಮತ್ತೆ ಬರೆದ. ಆ ಅಕ್ಷರ ಬಹಳ ಚೆನ್ನಾಗಿ ಬಂದಿತ್ತು ಎನ್ನುತ್ತಾರೆ. ಓಲೆಕಾರ ದಿಬ್ಬದ ತಿರುವು ಮುಟ್ಟಿದಾಗ ಕೆಳಗೆ ಊರಿರಲಿಲ್ಲ, ನೀರಿತ್ತು. ಸುಯಿಲಾನಳ ಹೆಣವೂ ಸಿಗಲಿಲ್ಲ.

ಬಹುಕಾಲ ಗುವೊ ಷಾನ್ ಕುಂಚ ಮುಟ್ಟಲಿಲ್ಲ. ಮತ್ತೆ ಬರೆಯಲು ಕುಳಿತಾಗ ಸುರುಳಿಗಳನ್ನೆಲ್ಲ ಕೈಬಿಟ್ಟಿದ್ದ. ಬಾಗಿದ ಗೆರೆಯನ್ನು ನೇರ ಮಾಡಿದ. ಕುಂಚ ಎತ್ತಬೇಕಾದಲ್ಲಿ ಎತ್ತದೆ ಒಂದೇ ಎಳೆತದಲ್ಲಿ ಗೆರೆಗೆ ಗೆರೆ ಕೂಡಿಸಿದ.

ಅಧಿಕಾರಿ ಮುಖ ಗಂಟಿಕ್ಕಿದ. "ಇದೇನು, ಕೋಳಿ ಕೆದರಿದ ಹಾಗಿದೆ?"

"ಓದಲು ಬರುತ್ತದೆಯೇ, ಒಡೆಯಾ?"

ಅಧಿಕಾರಿ ಮತ್ತೊಮ್ಮೆ ನೋಡಿದ. "ಬರುತ್ತದೆ."

"ಹಾಗಾದರೆ ಮುದ್ರೆ ಒತ್ತಿ."

ಅವನ ಸಂಕಟ ಬಲ್ಲ ಅಧಿಕಾರಿ ಮುದ್ರೆ ಒತ್ತಿದ. ಅಂದಿನಿಂದ ಗುವೊ ಷಾನ್ ದೋಣಿಗೆ ಕಾಯುವವರನ್ನೆಲ್ಲ ಕೂರಿಸಿಕೊಂಡು ಆ ಲಿಪಿ ಕಲಿಸುತ್ತಿದ್ದ. ವರ್ಷಗಳ ಮೇಲೆ ಮತ್ತೆ ಒಡ್ಡು ಒಡೆದಾಗ ಅವನು ಬರೆದ ಆಜ್ಞೆಗಳು ನೀರಿಗಿಂತ ಮುಂಚೆ ಊರು ತಲುಪಿದವು. ಕೆಳಗಿನ ಊರೊಂದರ ಯಜಮಾನ ಕೈಮುಗಿಯಲು ಬಂದ. "ಎಲ್ಲರೂ ಗುಡ್ಡ ಹತ್ತಿದರೇ? ಹೆಣ್ಣುಮಕ್ಕಳೂ?" ಎಂದು ಗುವೊ ಷಾನ್ ಕೇಳಿದ. ಹೌದೆಂದಾಗ ಹೊಳೆಯ ಕಡೆ ತಿರುಗಿ ಕುಳಿತು, ಸದ್ದಿಲ್ಲದೆ ಅತ್ತ. ಯಜಮಾನ ಅವನ ಪಕ್ಕದಲ್ಲೇ ಕುಳಿತುಕೊಂಡನಂತೆ.

ಇಂದಿಗೂ ಬೆಳಗಿನ ಹೊತ್ತು ಅಲ್ಲಿಗೆ ಹೋದವರಿಗೆ ಕಾಣುವುದುಂಟು: ವಯಸ್ಸಾದವರು ಉದ್ದ ಹಿಡಿಯ ಕುಂಚವನ್ನು ಹೊಳೆಯಲ್ಲಿ ಅದ್ದಿ, ಕಲ್ಲುಚಪ್ಪಡಿಗಳ ಮೇಲೆ ಬರಿಯ ನೀರಿನಲ್ಲಿ ಆ ಲಿಪಿ ಬರೆಯುತ್ತಿರುತ್ತಾರೆ. ಹೊಸಬರಿಗೆ ಮೊದಲು ಬರೆಸುವುದು 'ಚಿಂಗ್ಯಾನ್' ಎಂಬ ಹೆಸರನ್ನು. ಬಿಸಿಲಿಗೆ ಅದು ಬೇಗ ಆರುತ್ತದೆ. ಅಷ್ಟರಲ್ಲಿ ಪಕ್ಕದ ಕಲ್ಲಿನ ಮೇಲೆ ಇನ್ನೊಬ್ಬರು ಅದನ್ನೇ ಬರೆಯುತ್ತಿರುತ್ತಾರೆ.