ಎದ್ದೂ ಹಾಡದ ಪೆಟ್ಟಿಗೆ

“ಕೇಳ್ರಪ್ಪೋ ಕೇಳಿ! ಅರಮನೆಯ ಹಾಡಿನ ಪೆಟ್ಟಿಗೆ, ಮೀಡಿಯಾ ಸರ್ವರ್, ಹಾಡುತ್ತಿಲ್ಲ. ಅದರ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ರಾಜಕುಮಾರಿಯನ್ನು ಧಾರೆ ಎರೆಯಲಾಗುವುದು. ತಪ್ಪಿದವನಿಗೆ ತಲೆದಂಡ! ಸಂಜೆಯೊಳಗೆ ಯಾರೂ ಬಿಡಿಸದಿದ್ದರೆ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಅಳಿಸಲಾಗುವುದು!”

ಡಂಗುರ ಕೇಳಿದಾಗ ಕುಂಬಾರರ ಚೌಡ ಅರಮನೆಯ ಅಡುಗೆಮನೆಗೆ ಮಡಕೆ ಇಳಿಸುತ್ತಿದ್ದ. ಒಂದೆಡೆ ನಿಲ್ಲುವ ಆಸಾಮಿಯೇ ಅಲ್ಲ ಅವನು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವರಮ್ಮ ಹೇಳಿ ಹೇಳಿ ಸೋತಿದ್ದಳು. ತಲೆ ಹೋಗುವ ಮಾತು ತಲೆಗೆ ಹೋಗುವ ಮೊದಲೇ ಅವನ ಕಾಲು ಸಭೆಯೊಳಗಿತ್ತು.

ಅಲ್ಲಿ ರಾಜಕುಮಾರಿ ಕೆಂಪಾಜಿ ಕೂರಲಾರದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ತೀರಿಹೋದ ತಾಯಿಯ ದನಿ ಉಳಿದಿದ್ದುದು ಆ ಪೆಟ್ಟಿಗೆಯಲ್ಲಿ ಮಾತ್ರ. ಮಗಳ ಸಂಕಟ ನೋಡಿ ನೋಡಿ ಬೇಸತ್ತ ದೊರೆ ಬೊಮ್ಮರಸನಿಗೆ, ಅದನ್ನು ಅಳಿಸಿಬಿಟ್ಟರೇ ನೆಮ್ಮದಿ ಎನಿಸಿತ್ತು.

“ಕಣಜದ ತುಂಬ ಕಾಳು. ಎದ್ದ ಕಾವಲುಗಾರ ನೋಡಿ ಬರಿದು ಎನ್ನುತ್ತಾನೆ. ಸುಳ್ಳಾಡುತ್ತಿಲ್ಲ. ಹೇಗೆ?” ಎಂದು ಕೆಂಪಾಜಿ ಮೊದಲ ಒಗಟು ಒಡ್ಡಿದಳು.

“ಕಳ್ಳ ಹೊತ್ತೊಯ್ದ,” ಎಂದ ನೆರೆನಾಡಿನ ಯುವರಾಜ. ಪೆಟ್ಟಿಗೆಯ ಪರದೆಯ ಮೇಲೆ ಹಾಡಿನ ಪಟ್ಟಿ ಬರಿದಾಗಿಯೇ ಇತ್ತು. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

“ಡಿಸ್ಕ್ ಸತ್ತಿದೆ, ಅಳಿಸಿಬಿಡಿ,” ಎಂದ ಆಸ್ಥಾನ ಪಂಡಿತ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದುಕೊಂಡ ಚೌಡ. ಡಿಸ್ಕ್ ಗುಂಯ್‌ಗುಡುತ್ತಲೇ ಇತ್ತು, ಸತ್ತದ್ದು ಗುಂಯ್‌ಗುಡುವುದುಂಟೇ? ಪಂಡಿತನೂ ಯುವರಾಜನ ಹಿಂದೆ ನಡೆದ.

“ಉಳಿದೆರಡೂ ಕೇಳ್ಬಿಡಿ ಅಮ್ಮಣ್ಣಿ, ನಂಗೆ ತಡ್ಕಳಕ್ಕಾಗಲ್ಲ,” ಎಂದು ಚೌಡ ಮುಂದೆ ಬಂದ.

“ನನ್ನ ಪೀಠದ ಮೇಲೆ ಯಾರೋ ಕೂತಿದ್ದಾರೆ, ಏಳೆಂದರೆ ಏಳರು, ಮುಖ ನೋಡಿದರೆ ನಾನೇ. ಇದು ಎರಡನೆಯದು. ನೋವು ತೋಡಿಕೊಂಡೆ, ತೋಡಿಕೊಂಡಷ್ಟೂ ಉಸಿರುಗಟ್ಟಿತು. ಇದು ಮೂರನೆಯದು.”

ಚೌಡ ತಲೆ ಕೆರೆದುಕೊಂಡ. “ಉತ್ತರ ನಿಮಗ್ ಗೊತ್ತಾ?”

ಕೆಂಪಾಜಿಯ ಓಡಾಟ ನಿಂತಿತು. “ಇಲ್ಲ. ಪರದೆಯ ಮೇಲೆ ಬಂದದ್ದನ್ನೇ ಒಗಟು ಮಾಡಿದೆ. ಮೊದಲು ಪಟ್ಟಿ ಬರಿದಾಯಿತು. ಆಮೇಲೆ ‘ಜಾಗದಲ್ಲಿ ಬೇರೊಬ್ಬರಿದ್ದಾರೆ’ ಅಂದಿತು. ಕೊನೆಗೆ ‘ಜಾಗವೇ ಇಲ್ಲ’ ಅಂದಿತು.”

“ಪಟ್ಟಿ ಬರಿದಾದಾಗ ಏನ್ ಮಾಡುದ್ರಿ?”

“ಸರ್ವರ್ ಮತ್ತೆ ಶುರು ಮಾಡುವ ಗುಂಡಿ ಒತ್ತಿದೆ.”

“ಎಷ್ಟ್ ಸಲ?”

ರಾಜಕುಮಾರಿ ತಲೆ ತಗ್ಗಿಸಿದಳು. “ಒತ್ತುತ್ತಲೇ ಇದ್ದೆ.”

ಇವಳೂ ತನ್ನಂಥವಳೇ ಎಂದು ಚೌಡನಿಗೆ ನಗು ಬಂತು, ಮರುಕವೂ ಹುಟ್ಟಿತು. “ನಾನೂ ಹಂಗೇಯ. ಬೆಂಕಿ ಆರೋಕ್ ಮುಂಚೆ ಆವಿಗೆ ಗೂಡು ಬಗೆದು ಮಡಕೆ ಸೀಳಿಸ್ತೀನಿ. ನಿಮ್ಮ ಸರ್ವರ್ರೂ ಆತುರಗಾರ. ಡಿಸ್ಕು ನಿಧಾನಕ್ಕೆ ಏಳ್ತದೆ, ಇವ್ನು ಮೊದ್ಲೇ ಎದ್ದು ಕಣಜಕ್ಕೆ ಹೋಗವ್ನೆ. ಬಾಗ್ಲೇ ತೆಗೆದಿರ್ಲಿಲ್ಲ, ಬರಿದು ಅಂದವ್ನೆ. ನೀವು ಗುಂಡಿ ಒತ್ತುದ್ರಿ. ಹಳಬ ಎದ್ದೋಗ್ದಲೇ ಹೊಸಬ ಬಂದ, ಪೀಠದ ಮ್ಯಾಲೆ ಕೂತಿರೋನು ಆ ಹಳಬ, ಇಬ್ರೂ ಒಬ್ಬ ಸರ್ವರ್ರೇಯ. ಒತ್ತಿದಾಗೆಲ್ಲ ದೂರು ಬರ್ಕಂಡ. ದೂರೇ ತುಂಬಿ ಪೆಟ್ಟಿಗೇಲಿ ಉಸಿರಾಡಕ್ಕೆ ಜಾಗ ಇಲ್ದಂಗಾಯ್ತು. ದೂರೆಲ್ಲ ಗುಡಿಸಿ, ಹಳಬನ್ನ ಎಬ್ಬಿಸಿ ಕಳ್ಸಿ. ಡಿಸ್ಕನ್ನ ಮೊದ್ಲಿಂದ ಏಳಿಸಿ, ಅದು ಪೂರಾ ಏಳೋಗಂಟ ಯಾರೂ ಗುಂಡಿ ಮುಟ್ಬ್ಯಾಡಿ.”

ಕೆಂಪಾಜಿ ಹಾಗೇ ಮಾಡಿದಳು. ಆಮೇಲೆ ಕಾಯುವ ಕಷ್ಟ. ಹೊತ್ತು ಇಳಿಯುತ್ತಿತ್ತು. ತಲೆ ಹೋಗುವ ಹೊತ್ತಿನಲ್ಲೂ ಚೌಡನ ಬೆರಳು ಗುಂಡಿಯತ್ತಲೇ ತುಡಿಯಿತು. ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದ. ರಾಜಕುಮಾರಿ ಸೆರಗು ಕಚ್ಚಿದಳು. ದೊರೆ ಎದ್ದ, ಕೂತ, ಮತ್ತೆ ಎದ್ದ.

ಡಿಸ್ಕಿನ ಹಸಿರು ದೀಪ ಮಿನುಗುವುದು ಬಿಟ್ಟು ನಿಂತು ಬೆಳಗಿತು. “ಈಗ,” ಎಂದ ಚೌಡ. ಕೆಂಪಾಜಿ ಒಂದೇ ಸಲ ಒತ್ತಿದಳು. ಪಟ್ಟಿ ತುಂಬಿತು.

“ಅರ್ಧ ರಾಜ್ಯ ನಿನ್ನದು, ಮಗಳನ್ನೂ ಕೊಟ್ಟೆ,” ಎಂದ ದೊರೆ.

“ಮೊದ್ಲು ಒಳಗ್ ಹಾಕಿರೋರ್ನ ಬಿಡಿ ಬುದ್ದೀ. ಉತ್ತರ ಗೊತ್ತಿಲ್ದೆ ಒಗಟು ಕೇಳಿ ತಲೆ ತೆಗೆಯೋದು ನ್ಯಾಯ ಅಲ್ಲ. ಅಮ್ಮಣ್ಣಿ ವಿಚಾರ ಅಮ್ಮಣ್ಣೀನೇ ಹೇಳ್ಲಿ.”

ದೊರೆ ತಲೆಯಾಡಿಸಿದ, ಭಟರು ಓಡಿದರು. ಕೆಂಪಾಜಿ ತನ್ನ ಪಕ್ಕದ ಪೀಠ ತೋರಿಸಿ, “ಇಲ್ಲಿ ಕೂತ್ಕೋ,” ಎಂದಳು.

ಪೆಟ್ಟಿಗೆ ಗರಗರ ಎಂದಿತು. ಲಾಲಿ ಹಾಡಿಗೂ ಮೊದಲು, ಹಾಡು ತುಂಬಿಸಿದ ದಿನದ ರಾಣಿಯ ಮಾತು ಕೇಳಿಸಿತು: “ಶುರುವಾಯ್ತೇನ್ರೀ? ಕೆಂಪು ದೀಪ ಹತ್ತಿದೆಯಾ, ನೋಡಬಾರದೇ?”

ತುಂಬಿದ ಸಭೆಯ ನಡುವೆ ದೊರೆ ಬೊಮ್ಮರಸ ಕಣ್ಣೊರೆಸಿಕೊಳ್ಳುತ್ತ, “ಹತ್ತಿದೆ ಕಣೇ, ಹಾಡು,” ಎಂದ.