ಯಾರಿಗೂ ತಾಗದ ಗುಂಡು

ಕೊಡಗಿನ ನಮ್ಮ ಬಂದೂಕು ಕ್ಲಬ್ಬಿನಲ್ಲಿ ನಾನು ಗುಮಾಸ್ತನಾಗಿದ್ದೆ. ಆ ವರ್ಷ ಹಳೇ ಕಾಲದ ಕೌಬಾಯ್ ಶೈಲಿಯ ಗುಂಡಿನ ಸ್ಪರ್ಧೆ. ಅದರಲ್ಲಿ ಒಂದು ಕಥೆಯ ಸನ್ನಿವೇಶದೊಳಗೆ ನಿಂತು ಗುಂಡು ಹೊಡೆಯಬೇಕು. ಅದಕ್ಕೆ ಸೆಟ್ ಕಟ್ಟಿ, ಕಥೆ ಹೊಸೆಯುವ ಕೆಲಸ ನನ್ನ ತಲೆಗೆ ಬಂತು.

ಅಧ್ಯಕ್ಷ ಚೆಂಗಪ್ಪನವರು ಕರೆದು ಹೇಳಿದರು: "ಕಪ್ ನನಗೇ ಬರಬೇಕು. ಇಲ್ಲದಿದ್ರೆ ಬೇರೆ ಕೆಲಸ ನೋಡ್ಕೊ."

ಅವರ ಗುಂಡು ಅಲ್ಲಿಯವರೆಗೆ ಒಂದು ತೆಂಗಿನಕಾಯಿಗೂ ತಾಗಿರಲಿಲ್ಲ.

ನಾನು ಪ್ಲೈವುಡ್ಡಿನಲ್ಲಿ ಬ್ಯಾಂಕು ಕಟ್ಟಿ, ಹತ್ತು ತಗಡಿನ ಗೊಂಬೆ ನಿಲ್ಲಿಸಿ, ಬೋರ್ಡು ಬರೆದೆ: "ನೀವು ಪೊಲೀಸು. ಇವರು ಅಮಾಯಕ ಗ್ರಾಹಕರು. ದರೋಡೆಕೋರರನ್ನು ಹೆದರಿಸಲು ಹತ್ತು ಗುಂಡು ಹಾರಿಸಿ. ಯಾರಿಗೂ ತಾಗಬಾರದು. ಬೇಗ ಮುಗಿಸಿದವರಿಗೆ ಕಪ್."

ಸೆಟ್ ಕಟ್ಟಿದವನೇ ಮೊದಲು ಹೊಡೆಯುವುದು ನಮ್ಮಲ್ಲಿ ಪದ್ಧತಿ. ನಾನು ಹೆದರಿ, ಕಣ್ಣು ಮುಚ್ಚಿ, ಹತ್ತೂ ಗುಂಡು ಗಬಗಬನೆ ಹಾರಿಸಿ ಬಂದೆ; ಒಂದು ಗೊಂಬೆಯೂ ಬೀಳಲಿಲ್ಲ.

ಆಮೇಲೆ ಬಂದವರೆಲ್ಲ ಕೈಲ್‌ಪೊಳ್ದ್ ಹಬ್ಬದಲ್ಲಿ ಗುಂಡು ಹಾರಿಸಿ ತೆಂಗಿನಕಾಯಿ ಒಡೆದು ಪಳಗಿದ ಕೈಗಳು. ಗುರಿ ತಪ್ಪಿಸುವುದೇ ಅವರಿಗೆ ಗೊತ್ತಿಲ್ಲ. ಒಬ್ಬೊಬ್ಬರೂ ಇಬ್ಬರು ಮೂವರು ಗ್ರಾಹಕರನ್ನು ಬೀಳಿಸಿದರು.

ಚೆಂಗಪ್ಪನವರು ಬೋರ್ಡು ಓದಲೇ ಇಲ್ಲ. ಪ್ರತಿ ಗೊಂಬೆಗೂ ನಿಧಾನವಾಗಿ ಗುರಿಯಿಟ್ಟೇ ಹೊಡೆದರು. ಹತ್ತೂ ಜನ ಬದುಕಿದರು. ಚಪ್ಪಾಳೆಯೋ ಚಪ್ಪಾಳೆ! ಅವರು ಮೀಸೆ ತಿರುವುತ್ತಾ ವೇದಿಕೆ ಹತ್ತಿದರು.

ಆಗ ತೀರ್ಪುಗಾರರು ಯಾರು ಎಷ್ಟು ಹೊತ್ತಿನಲ್ಲಿ ಮುಗಿಸಿದರೆಂದು ಬರೆದಿಟ್ಟ ಚೀಟಿ ನೋಡಿ ನನ್ನ ಹೆಸರು ಕೂಗಿದರು.

ಕಪ್ ಈಗ ನಮ್ಮನೆಯ ಷೋಕೇಸಿನಲ್ಲಿದೆ. ದಿನವಿಡೀ ಅದರ ಎದುರಿಗೇ ಕೂತಿರ್ತೇನೆ.